ಕಡಾಯಿಯಲ್ಲಿ ಸಾಲು ನಿಲ್ಲುವವರೆಗೆ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ರವಿವಾರಗಳ ಲೆಕ್ಕ ಶುರುವಾಗುತ್ತದೆ. ಶ್ರಾವಣ ಹಿಡಿದ ಮೇಲೆ ಗಣಪತಿ ನೀರಿಗೆ ಹೋಗುವವರೆಗೆ ಅತ್ತೆಯವರು ಹೊಸ್ತಿಲೊಳಗೆ ಮಾಂಸ ಬರಗೊಡುವುದಿಲ್ಲ, ಆದ್ದರಿಂದ ಆಷಾಢದ ಕೊನೆಯ ರವಿವಾರ ಒಲೆಯ ಮೇಲೆ ಏನು ಏರಬೇಕೆಂಬುದು ಮನೆಯ ಆರು ಮಂದಿಯೂ ಬಾಯಿ ಹಾಕುವ ವಿಷಯ. ಪ್ರತಿ ವರ್ಷ ಅದು ಮಟನ್ ಸಾರು ಮತ್ತು ಜೋಳದ ರೊಟ್ಟಿಯಲ್ಲಿ ಮುಗಿಯುತ್ತಿತ್ತು. ಈ ಸಲ ಮಕ್ಕಳಿಬ್ಬರೂ, ಖೀಮಾವನ್ನು, ಎಂದರೆ ಕೊಚ್ಚಿದ ಮಾಂಸವನ್ನು, ಟೊಮ್ಯಾಟೊ ರಸದಲ್ಲಿ ಬೇಯಿಸಿ ಬನ್‌ನಲ್ಲಿ ತುಂಬುವ ಅಮೆರಿಕದ ತಿನಿಸಾದ ಸ್ಲಾಪಿ ಜೋ ಬೇಕೆಂದು ಪಟ್ಟು ಹಿಡಿದರು, ಮೈದುನ ಅವರ ಪಕ್ಷ ವಹಿಸಿದ, ನನ್ನ ಗಂಡ ಎಂದಿನಂತೆ ದಿನಪತ್ರಿಕೆಯ ಹಿಂದೆ ಉಳಿದುಕೊಂಡರು. ಇದಕ್ಕೆ ಮೊದಲು ಎರಡು ಸಲ ನಾನು ಅದನ್ನು ಮಾಡಿ ಎರಡು ಸಲವೂ ಕೆಡಿಸಿದ್ದೆ. ಮೊದಲ ಸಲ ಅದು ಸಾರಾಗಿತ್ತು, ಎರಡನೆಯ ಸಲ ಉದುರು ಪಲ್ಯವಾಗಿತ್ತು. ಈ ಎರಡರ ನಡುವೆ ಎಲ್ಲಿಯೋ ಒಂದು ಹದವಿದೆ, ಆ ಹದವೇ ಈ ತಿನಿಸಿನ ಸರ್ವಸ್ವ ಎಂಬುದು ನನಗೆ ಮೂರನೆಯ ಸಲಕ್ಕೆ ತಿಳಿಯಿತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಇದನ್ನು ಮೊದಲು ನೋಡಿದ್ದು ಅಮೆರಿಕದ ಓಹಾಯೋದಲ್ಲಿ, ತಂಗಿಯ ಬಾಣಂತನಕ್ಕೆಂದು ಹೋಗಿದ್ದಾಗ. ಹೊರಗೆ ಹಿಮ ಬಿದ್ದ ಒಂದು ಸಂಜೆ ನೆರೆಮನೆಯ ಹೆಂಗಸು ನಮ್ಮನ್ನು ಊಟಕ್ಕೆ ಕರೆದರು. ನಾವು ದನದ ಮಾಂಸ ತಿನ್ನುವುದಿಲ್ಲವೆಂದು ತಂಗಿ ಮೊದಲೇ ಹೇಳಿದ್ದರಿಂದ ಆಕೆ ಒಲೆಯ ಮೇಲೆ ಎರಡು ಬಾಣಲೆ ಇಟ್ಟಿದ್ದರು, ಒಂದರಲ್ಲಿ ತಮ್ಮ ಮನೆಯವರಿಗೆಂದು ದನದ ಮಾಂಸದ ಖೀಮಾ, ಇನ್ನೊಂದರಲ್ಲಿ ನಮಗೆಂದು ಟರ್ಕಿ ಕೋಳಿಯದು. ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲಲಾರದ ನಾನು ಪಕ್ಕದಲ್ಲಿ ನಿಂತು ಎರಡನ್ನೂ ನೋಡಿದೆ. ದನದ ಖೀಮಾ ತನ್ನ ಕೊಬ್ಬನ್ನು ತಾನೇ ಬಿಟ್ಟುಕೊಂಡು ಅದರಲ್ಲೇ ಹುರಿದುಕೊಂಡಿತು, ಆಕೆ ಹೆಚ್ಚಾದ ಕೊಬ್ಬನ್ನು ಚಮಚದಿಂದ ತೆಗೆದು ಹೊರಗೆ ಹಾಕಿದರು. ಟರ್ಕಿಯ ಬಾಣಲೆಗೆ ಮಾತ್ರ ಎರಡು ಸಲ ಎಣ್ಣೆ ಸುರಿಯಬೇಕಾಯಿತು. ಅಲ್ಲಿ ಖೀಮಾ ಮಾರುವ ಪ್ಲಾಸ್ಟಿಕ್ ತಟ್ಟೆಯ ಮೇಲೆಯೇ 80/20 ಎಂದು ಅಚ್ಚು ಹಾಕಿರುತ್ತಾರೆ, ಎಂದರೆ 80 ಭಾಗ ಮಾಂಸ, 20 ಭಾಗ ಕೊಬ್ಬು. ಅಲ್ಲಿಯ ಸರಕಾರದ ನಿಯಮದಂತೆ ದನದ ಖೀಮಾದಲ್ಲಿ ಕೊಬ್ಬು 30 ಭಾಗವನ್ನು ಮೀರುವಂತಿಲ್ಲ. ನಮ್ಮಲ್ಲಿ ಕೊಬ್ಬಿನ ಲೆಕ್ಕ ಕಟುಕನ ಕೈಯಲ್ಲಿ, ಹೆಚ್ಚೆಂದರೆ ನಮ್ಮ ಬಾಯಿಯಲ್ಲಿದೆ. ಬೆಳಗಾವಿಗೆ ಬಂದ ಮೇಲೆ ನನ್ನ ಮೊದಲ ಸೋಲು ಈ ವ್ಯತ್ಯಾಸದಿಂದಲೇ ಶುರುವಾಯಿತು.

ತಿನಿಸಿನ ಹೆಸರಿನ ಬಗ್ಗೆ ಮಗ ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳಿದೆ. ಸ್ಲಾಪಿ ಎಂದರೆ ಅಚ್ಚುಕಟ್ಟಿಲ್ಲದ್ದು, ಬಳಬಳ ಸುರಿಯುವಂಥದ್ದು. ಜೋ ಎಂಬುವನು ಯಾರೆಂಬುದರ ಬಗ್ಗೆ ಅಮೆರಿಕನ್ನರಲ್ಲೇ ಒಮ್ಮತವಿಲ್ಲ. ಅಯೋವಾ ರಾಜ್ಯದ ಮಸ್ಕಟೀನ್‌ನಲ್ಲಿ 1926ರಲ್ಲಿ ಶುರುವಾದ ಮೇಡ್-ರೈಟ್ ಅಂಗಡಿಯವರು ಉಂಡೆ ಕಟ್ಟದ ಸಡಿಲ ಖೀಮಾವನ್ನೇ ಬನ್‌ನಲ್ಲಿ ತುಂಬಿ ಮಾರುತ್ತಿದ್ದರು, ಅದಕ್ಕೆ ಟೊಮ್ಯಾಟೊ ರಸ ಸೇರಿದ್ದೇ ಸ್ಲಾಪಿ ಜೋ ಎನ್ನುವವರಿದ್ದಾರೆ. ಕ್ಯೂಬಾದ ಹವಾನಾದಲ್ಲಿಯೂ ಫ್ಲಾರಿಡಾದ ಕೀ ವೆಸ್ಟ್‌ನಲ್ಲಿಯೂ ಇದೇ ಹೆಸರಿನ ಮದ್ಯದಂಗಡಿಗಳು ಪ್ರಸಿದ್ಧವಾಗಿದ್ದವು, ಹೆಸರು ಅಲ್ಲಿಂದ ಬಂತೆನ್ನುವವರೂ ಇದ್ದಾರೆ. ಹಂಟ್ಸ್ ಕಂಪನಿಯವರು 1969ರಲ್ಲಿ ಮ್ಯಾನ್‌ವಿಚ್ ಎಂಬ ಹೆಸರಿನಲ್ಲಿ ಇದರ ರಸವನ್ನು ಡಬ್ಬಿಯಲ್ಲಿ ತುಂಬಿ ಮಾರತೊಡಗಿದ ಮೇಲಂತೂ ಖೀಮಾ ಹುರಿದು ಡಬ್ಬಿ ಒಡೆದು ಸುರಿದರೆ ಊಟ ಸಿದ್ಧ ಎಂಬಂತಾಯಿತು. ನ್ಯೂ ಜೆರ್ಸಿಯ ಕೆಲವು ಕಡೆ ಇದೇ ಹೆಸರು ಹೇಳಿದರೆ ಮೂರು ಪದರದ ತಣ್ಣನೆಯ ಸ್ಯಾಂಡ್‌ವಿಚ್ ತಂದಿಡುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಷ್ಟೆಲ್ಲ ಕೇಳಿದ ಮೇಲೆ ಮಗ, "ಹಂಗಾದ್ರ ಜೋ ಯಾರು?" ಎಂದು ಮತ್ತೆ ಕೇಳಿದ.

ಇನ್ನು ಮಾಂಸದ ಮಾತು. ಮೂಲದಲ್ಲಿ ಇದು ದನದ ಮಾಂಸದ ತಿನಿಸು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಆಕಳು, ಎತ್ತು, ಹೋರಿ, ಕರುಗಳನ್ನು ಯಾವ ವಯಸ್ಸಿನಲ್ಲಿಯೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರವಿದ್ದರೆ, ಅವಕಾಶವಿದೆ. ನಮ್ಮ ಮನೆಗೆ ಈ ಪ್ರಶ್ನೆ ಏಳುವುದೇ ಇಲ್ಲ, ನಮ್ಮದು ಮೊದಲಿನಿಂದಲೂ ಕುರಿಯ ಮಾಂಸದ ಮನೆ. ಆದರೆ ದನದ ಮಾಂಸದ ಬದಲು ಕುರಿಯದನ್ನು ಹಾಕಿದರೆ ಸಾಕು, ಉಳಿದದ್ದೆಲ್ಲ ಹಾಗೇ ಇರಲಿ ಎಂದುಕೊಂಡದ್ದು ನನ್ನ ತಪ್ಪು. ಅಲ್ಲಿಯ ಖೀಮಾ ರಸ ಸೇರಿದ ಮೇಲೆ ಹದಿನೈದು ನಿಮಿಷಕ್ಕೆ ಮೆತ್ತಗಾಗುತ್ತದೆ. ನಮ್ಮ ಬಯಲು ಮೇಯ್ದು ಬೆಳೆದ ಕುರಿಯ ಮಾಂಸಕ್ಕೆ ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಬೇಯಬೇಕಾದರೆ ನೀರೂ ಹೆಚ್ಚು ಬೇಕು, ಆ ನೀರನ್ನು ಮತ್ತೆ ಇಂಗಿಸುವ ತಾಳ್ಮೆಯೂ ಬೇಕು.

ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ನಾನು ಹೋಗುವ ಮಾಂಸದ ಅಂಗಡಿಯ ಮುಂದೆ ಅಂದು ಬೆಳಿಗ್ಗೆ ಏಳಕ್ಕೇ ಛತ್ರಿಗಳ ಸಾಲು ನಿಂತಿತ್ತು. ಮಳೆ ಸಣ್ಣಗೆ ಹಿಡಿದುಕೊಂಡಿತ್ತು, ಬೆಳಗಾವಿಯ ಆಷಾಢದ ಮಳೆ ಬಿಡುವುದು ಕಡಿಮೆ. ನನ್ನ ಸರದಿ ಬಂದಾಗ ಅಂಗಡಿಯವರು ಕೊರಡಿನ ಮೇಲಿನ ಕತ್ತಿಯನ್ನೂ ಪಕ್ಕದ ಮಷೀನನ್ನೂ ತೋರಿಸಿ, "ಅಕ್ಕಾರ, ಕೈಲೆ ಮಾಡ್ಲ್ಯೊ, ಮಷಿನ್ಯಾಗ ಹಾಕ್ಲ್ಯೊ?" ಎಂದು ಕೇಳಿದರು. ಕೈಯಿಂದ ಕೊಚ್ಚಿದ ಖೀಮಾದಲ್ಲಿ ಕಾಳು ಕಾಳಾಗಿ ಹಲ್ಲಿಗೆ ಸಿಗುವ ರುಚಿ ಇದೆ, ಸಾದಾ ಖೀಮಾ ಪಲ್ಯಕ್ಕೆ ನಾನು ಅದನ್ನೇ ತರುತ್ತೇನೆ. ಆದರೆ ಇದಕ್ಕೆ ಮಷೀನಿನದೇ ಸರಿ, ಒಂದೇ ಸುತ್ತು ಹಾಕಿಸಿದ್ದು. ಎರಡು ಸುತ್ತು ಹಾಕಿಸಿದರೆ ಅದು ಕಬಾಬಿನ ಹಿಟ್ಟಿನಂತಾಗಿ ರಸದಲ್ಲಿ ಕದಡಿಹೋಗುತ್ತದೆ. ತೊಡೆ ಮತ್ತು ಭುಜದ ಮಾಂಸ ಮುಕ್ಕಾಲು ಕಿಲೊ ತೂಗಿಸಿ, ಅದರ ಮೇಲೆ ಒಂದು ಮುಷ್ಟಿ ಚರಬಿಯನ್ನೂ ಸೇರಿಸಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಏಕೆಂದರೆ ಚರಬಿ ತೆಗೆಯಿರಿ ಎನ್ನುವವರೇ ಎಲ್ಲರೂ.

ಇನ್ನೊಂದು ಮಾತನ್ನೂ ಅಲ್ಲಿಯೇ ಹೇಳಿದೆ, ಇಡೀ ಅಡುಗೆಯಲ್ಲಿ ಇದಕ್ಕಿಂತ ದೊಡ್ಡ ಗುಟ್ಟು ಬೇರೆ ಇಲ್ಲ: ತುಂಡುಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಮಷೀನಿಗೆ ಹಾಕಿ. ನಮ್ಮ ಮನೆಗಳಲ್ಲಿ ಮಾಂಸವನ್ನು ತೊಳೆಯದೆ ಒಲೆಗೆ ಹಾಕಿದರೆ ಹಿರಿಯರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಖೀಮಾ ಆದ ಮೇಲೆ ಜಾಲರಿಯಲ್ಲಿ ಹಾಕಿ ನಳದ ಕೆಳಗೆ ಹಿಡಿದರೆ ಅದು ಬಟ್ಟೆ ನೀರು ಕುಡಿದಂತೆ ಕುಡಿಯುತ್ತದೆ, ಎಷ್ಟು ಹಿಂಡಿದರೂ ಬಿಡುವುದಿಲ್ಲ. ಮೊದಲ ಸಲ ನಾನು ಮಾಡಿದ್ದು ಅದನ್ನೇ. ಬಿಸಿ ಕಡಾಯಿಗೆ ಹಾಕಿದ ಕೂಡಲೇ ಬೂದು ಬಣ್ಣದ ನೀರು ಬಿಟ್ಟುಕೊಂಡು ಖೀಮಾ ಅದರಲ್ಲಿ ಕುದಿಯಿತು, ಹುರಿಯಲೇ ಇಲ್ಲ. ತಳದಲ್ಲಿ ನೀರು ಇರುವವರೆಗೆ ಕಾವು 100 ಡಿಗ್ರಿ ದಾಟುವುದಿಲ್ಲ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿರುವ ನಮ್ಮ ಬೆಳಗಾವಿಯಲ್ಲಂತೂ ನೀರು ಅದಕ್ಕೂ ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಘಮ ಬಿಡಲು ಬೇಕಾದದ್ದು 140 ಡಿಗ್ರಿಗೂ ಮಿಕ್ಕಿದ ಕಾವು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು. ರೊಟ್ಟಿಯ ಮೇಲೆ ಕಂದು ಚುಕ್ಕೆ ಏಳುವುದೂ ಅದರಿಂದಲೇ.

ಪಾವ್ ತರುವ ವಿಷಯದಲ್ಲಿಯೂ ನಾನು ಒಮ್ಮೆ ಮೋಸಹೋಗಿದ್ದೆ. ಘಟ್ಟದ ಆಚೆಯ ಗೋವಾದ ನಂಟಿನಿಂದಲೋ, ದಂಡು ಪ್ರದೇಶದ ಹಳೆಯ ರೂಢಿಯಿಂದಲೋ, ಬೆಳಗಾವಿಯಲ್ಲಿ ಒಳ್ಳೆಯ ಪಾವ್‌ಗೆ ಬರವಿಲ್ಲ. ಪೋರ್ಚುಗೀಸರ ಪದವನ್ನೇ ಉಳಿಸಿಕೊಂಡಿರುವ ಈ ಪಾವ್ ಬೇಕರಿಯಿಂದ ಬಿಸಿಬಿಸಿಯಾಗಿ ಬಂದಾಗ ಹಾಗೆಯೇ ತಿನ್ನಲು ಚೆಂದ, ಆದರೆ ಮೆತ್ತನೆಯ ಬಿಸಿ ಪಾವ್ ಒಳಗೆ ರಸ ಬಿತ್ತೆಂದರೆ ಎರಡು ನಿಮಿಷದಲ್ಲಿ ಅಂಬಲಿ. ಹಾಗಾಗಿ ಈ ಸಲ ಶನಿವಾರ ಸಂಜೆಯೇ ಒಂದಕ್ಕೊಂದು ಅಂಟಿಕೊಂಡ ಪಾವ್‌ಗಳ ಎರಡು ಲಾದಿ ತಂದು, ಬಿಡಿಸದೆ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ. ಒಂದು ದಿನ ಹಳೆಯದಾದ ಪಾವ್ ಬಿಗಿಯಾಗಿರುತ್ತದೆ, ಕತ್ತರಿಸಿದರೆ ಪುಡಿಯಾಗದೆ ನೇರವಾಗಿ ಬರುತ್ತದೆ. ಅಮೆರಿಕದವರು ಬಳಸುವ ದೊಡ್ಡ ಬನ್ ಇಲ್ಲಿಯೂ ಸಿಗುತ್ತದೆ, ಆದರೆ ಅದು ಸಿಹಿ, ಒಳಗಿನ ರಸವೂ ಸಿಹಿಯಾಗಿರುವಾಗ ನನಗೆ ಹಿಡಿಸಲಿಲ್ಲ.

ಸಂಜೆ ಐದಕ್ಕೆ ಕಬ್ಬಿಣದ ಅಗಲ ಕಡಾಯಿ ಒಲೆಗೇರಿತು. ಅದು ಹೊಗೆಯಾಡುವಷ್ಟು ಕಾದ ಮೇಲೆ ಒಂದು ಚಮಚ ಎಣ್ಣೆ, ಅದರ ಮೇಲೆ ಅರ್ಧದಷ್ಟು ಖೀಮಾ. ಎಲ್ಲವನ್ನೂ ಒಮ್ಮೆಗೆ ಹಾಕಬಾರದು, ಕಡಾಯಿ ತಣ್ಣಗಾಗಿ ಮತ್ತೆ ನೀರು ಬಿಡುತ್ತದೆ. ಕೈಯಿಂದ ಅಮುಕಿ ರೊಟ್ಟಿಯಂತೆ ಹರಡಿ, ಮೂರು ನಿಮಿಷ ಮುಟ್ಟದೆ ಬಿಡಬೇಕು. ಈ ಮೂರು ನಿಮಿಷ ಸೌಟು ಹಿಡಿದ ಕೈಯನ್ನು ತಡೆಯುವುದೇ ಕಷ್ಟ. ತಿರುವುತ್ತಲೇ ಇರಬೇಕೆಂಬುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಅಂಚಿನಲ್ಲಿ ಕಪ್ಪಿಗೆ ಹತ್ತಿರದ ಕಂದು ಕಾಣಿಸಿ, ಚರಬಿ ಕರಗಿ ಚಟಪಟ ಎನ್ನತೊಡಗಿದಾಗ ತಿರುವಿ ಹಾಕಿ, ಕಟ್ಟಿಗೆಯ ಸೌಟಿನಿಂದ ಒಡೆದು, ತಟ್ಟೆಗೆ ತೆಗೆದು, ಉಳಿದರ್ಧಕ್ಕೂ ಅದನ್ನೇ ಮಾಡಿದೆ. ಅದೇ ಕೊಬ್ಬಿನಲ್ಲಿ ಸಣ್ಣಗೆ ಹೆಚ್ಚಿದ ಮೂರು ಉಳ್ಳಾಗಡ್ಡಿ, ಒಂದು ದೊಡ್ಡ ಡೊಣ್ಣ ಮೆಣಸಿನಕಾಯಿ, ಜಜ್ಜಿದ ಎಂಟು ಎಸಳು ಬಳ್ಳೊಳ್ಳಿ. ತಳದಲ್ಲಿ ಅಂಟಿದ್ದ ಕಂದು ಗಸಿಯನ್ನೆಲ್ಲ ಉಳ್ಳಾಗಡ್ಡಿಯ ನೀರು ಎಬ್ಬಿಸಿಕೊಂಡು ಬಂತು. ಅಮೆರಿಕದವರು ಇಲ್ಲಿ ಖಾರ ಹಾಕುವುದು ಹೆಸರಿಗೆ ಮಾತ್ರ. ನಾನು ಬ್ಯಾಡಗಿ ಮೆಣಸಿನ ಪುಡಿ ಎರಡು ಚಮಚ ಹಾಕಿದೆ. ಅದು ಬಣ್ಣ ಕೊಡುತ್ತದೆ, ನಾಲಿಗೆಯನ್ನು ಸುಡುವುದಿಲ್ಲ, ಹಾಗಾಗಿ ತಿನಿಸಿನ ಸ್ವಭಾವ ಕೆಡುವುದಿಲ್ಲ. ಗರಂ ಮಸಾಲೆ ಮಾತ್ರ ಬೇಡ. ಒಂದು ಚಿಟಿಕೆ ಬಿದ್ದರೂ ಅದು ನಾವು ಯಾವಾಗಲೂ ಉಣ್ಣುವ ಖೀಮಾ ಆಗಿಬಿಡುತ್ತದೆ, ಇಷ್ಟೆಲ್ಲ ಶ್ರಮ ಪಟ್ಟದ್ದು ಯಾತಕ್ಕೆ?

ಬೇಯಿಸಿ ಸಿಪ್ಪೆ ತೆಗೆದು ರುಬ್ಬಿದ ಐದು ಟೊಮ್ಯಾಟೊಗಳ ರಸವನ್ನು ಹಾಕಿ, ಎಣ್ಣೆ ಬಿಡುವವರೆಗೆ ಕುದಿಸಿ, ಖೀಮಾವನ್ನು ಮತ್ತೆ ಸೇರಿಸಿ, ಒಂದೂವರೆ ಬಟ್ಟಲು ಬಿಸಿನೀರು ಹಾಕಿ, ಉಪ್ಪು ಹಾಕಿ, ಉರಿ ಸಣ್ಣ ಮಾಡಿ ಮುಚ್ಚಿದೆ. ಬಹಳ ಜನ ಟೊಮ್ಯಾಟೊ ಬದಲು ಕೆಚಪ್ ಒಂದನ್ನೇ ಸುರಿಯುತ್ತಾರೆ. ನಮ್ಮಲ್ಲಿ ಸಿಗುವ ಕೆಚಪ್ ನನ್ನ ಬಾಯಿಗೆ ಬಹಳ ಸಿಹಿ, ಬಾಟಲಿಯ ವಾಸನೆ ಕೊನೆಯವರೆಗೂ ಉಳಿಯುತ್ತದೆ. ಮಗಳ ಸಮಾಧಾನಕ್ಕೆಂದು ಎರಡು ಚಮಚ ಹಾಕಿದ್ದು ನಿಜ. ಕುಕ್ಕರಿನಲ್ಲಿ ಎರಡು ಸೀಟಿ ಹೊಡೆಸಿದರೆ ಕೆಲಸ ಬೇಗ ಆಗುತ್ತದಲ್ಲ ಎಂದು ಮೈದುನ ಕೇಳಿದ. ಆಗುತ್ತದೆ, ಆದರೆ ಮುಚ್ಚಿದ ಕುಕ್ಕರಿನಲ್ಲಿ ನೀರು ಇಂಗುವುದಿಲ್ಲ, ಹುರಿದ ಕಂದು ಬಣ್ಣವೂ ಕರಗಿಹೋಗುತ್ತದೆ.

ಈ ಹೊತ್ತಿಗೆ ಅತ್ತೆಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಅವರದು ಜಮಖಂಡಿ ಕಡೆಯ ಹಳ್ಳಿ, ಕಬ್ಬಿನ ಗದ್ದೆಗಳ ನಡುವೆ ಬೆಳೆದವರು. ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದನ್ನು ನೋಡಿ ತಡೆಯಲಾಗಲಿಲ್ಲ.

"ಮಾಂಸಕ್ಕ ಬೆಲ್ಲಾ ಹಾಕ್ತೀಯೇನ? ಹೋಳಗಿ ಮಾಡಾಕತ್ತೀಯೊ, ಖೀಮಾ ಮಾಡಾಕತ್ತೀಯೊ?"

"ಅತ್ತಿ, ಎಣಗಾಯಿಗೆ ನೀವು ಹುಣಸಿಹುಳಿ ಬೆಲ್ಲಾ ಎರಡೂ ಹಾಕೂದಿಲ್ಲೇನ್ರಿ?"

"ಅದು ಬದನಿಕಾಯಿ. ಬದನಿಕಾಯಿಗೆ ಏನ ಹಾಕಿದ್ರೂ ನಡೀತದ. ಇದು ಕುರಿ."

ವಾದ ಅಲ್ಲಿಗೇ ನಿಂತಿತು, ಏಕೆಂದರೆ ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಈ ತಿನಿಸಿಗೆ ಸಿಹಿ ಬೇಕೇ ಬೇಕು. ಅಲ್ಲಿಯವರು ಕಂದು ಸಕ್ಕರೆ ಹಾಕುತ್ತಾರೆ, ಕಾಕಂಬಿಯ ಅಂಶವಿರುವ ಸಕ್ಕರೆ ಅದು, ನಮ್ಮ ಬೆಲ್ಲಕ್ಕೆ ತೀರ ಹತ್ತಿರದ್ದು. ಮಹಾಲಿಂಗಪುರದ ಪೇಟೆಯಿಂದ ಪ್ರತಿ ವರ್ಷ ಪೆಂಟೆ ಬೆಲ್ಲ ತರುವ ಮನೆಯಲ್ಲಿ ಆ ಸಕ್ಕರೆಯನ್ನು ಹುಡುಕಿಕೊಂಡು ಹೋಗುವುದಕ್ಕೆ ಅರ್ಥವಿಲ್ಲ. ಹುಳಿಗೆ ಅವರು ಹಾಕುವುದು ವೂಸ್ಟರ್ ಸಾಸ್. ಇಂಗ್ಲೆಂಡಿನ ವೂಸ್ಟರ್ ಊರಿನಲ್ಲಿ 1837ರಿಂದ ಮಾರಾಟವಾಗುತ್ತಿರುವ ಆ ಕಪ್ಪು ನೀರಿನ ಬಾಟಲಿಯ ಹಿಂದಿನ ಚೀಟಿ ಓದಿದರೆ ವಿನೆಗರ್, ಕಾಕಂಬಿ, ಸಣ್ಣ ಮೀನು, ಉಳ್ಳಾಗಡ್ಡಿ, ಬಳ್ಳೊಳ್ಳಿಗಳ ಜೊತೆಗೆ ಹುಣಸೆಹಣ್ಣೂ ಇದೆ. ಆ ಬಾಟಲಿಗೆ ಇನ್ನೂರು ಮುನ್ನೂರು ರೂಪಾಯಿ ಕೊಡುವ ಬದಲು ನಾನು ಅಡಿಕೆ ಗಾತ್ರದ ಎರಡು ಉಂಡೆ ಹುಣಸೆಹಣ್ಣಿನ ರಸ ಗಟ್ಟಿಯಾಗಿ ಹಿಂಡಿ, ಅದಕ್ಕೆ ಒಂದು ಚಮಚ ಸೋಯಾ ಸಾಸ್ ಸೇರಿಸುತ್ತೇನೆ. ಮೀನಿನ ಉಪ್ಪು ರುಚಿಯ ಆಳವನ್ನು ಸೋಯಾ ಸಾಸ್ ಸುಮಾರಾಗಿ ತುಂಬಿಕೊಡುತ್ತದೆ. ಒಂದು ಚಮಚ ಸಾಸಿವೆಯನ್ನು ನೀರಿನಲ್ಲಿ ನೆನೆಸಿ ಅರೆದು ಹಾಕಿದರೆ ಅಲ್ಲಿಯವರ ಹಳದಿ ಮಸ್ಟರ್ಡ್‌ನ ಕೆಲಸವೂ ಆಯಿತು. ಬೆಲ್ಲ ಹಾಕುವುದು ಎಲ್ಲದರ ಕೊನೆಗೆ, ಮೊದಲೇ ಹಾಕಿದರೆ ತಳ ಹಿಡಿಯುತ್ತದೆ.

ಮುಕ್ಕಾಲು ಗಂಟೆಯ ಮೇಲೆ ಮುಚ್ಚಳ ತೆಗೆದಾಗ ಖೀಮಾ ಬೆರಳಿಗೆ ಮೆತ್ತಗಾಗಿತ್ತು, ಆದರೆ ಸುತ್ತ ರಸ ನಿಂತಿತ್ತು. ನನ್ನ ಮೊದಲ ಸೋಲಿನ ಜಾಗ ಇದೇ. ಆಗ ಹಸಿವೆಯೆಂದು ಮಕ್ಕಳು ಗಲಾಟೆ ಮಾಡಿದ್ದಕ್ಕೆ ಹಾಗೆಯೇ ಪಾವ್‌ಗೆ ತುಂಬಿ, ತಟ್ಟೆಗಳಲ್ಲೆಲ್ಲ ಕೆಂಪು ಕೊಳ ಮಾಡಿದ್ದೆ. ಎರಡನೆಯ ಸಲ ಅದಕ್ಕೆ ಹೆದರಿ ಒಣಗಿಸಿಬಿಟ್ಟಿದ್ದರಿಂದ ಕಚ್ಚಿದ ಕೂಡಲೇ ಅರ್ಧ ಖೀಮಾ ಕಾಳುಕಾಳಾಗಿ ಮಡಿಲಿಗೆ ಉದುರಿತ್ತು. ಈಗ ಉರಿ ಹೆಚ್ಚಿಸಿ, ಮುಚ್ಚಳವಿಲ್ಲದೆ ತಿರುವುತ್ತ ನಿಂತೆ. ಅತ್ತೆಯವರು, "ಒಂದ್ ಚಮಚಾ ಪುಟಾಣಿ ಹಿಟ್ಟ ಹಾಕು, ತಾನ ಬಿಗಿ ಆಗ್ತೈತಿ" ಎಂದರು. ಖೀಮಾ ಉಂಡಿಗೆ ಪುಟಾಣಿ ಹಿಟ್ಟು ಹಾಕುವ ಕೈ ಅದು, ಹಾಗೆ ಹೇಳುವುದು ಸಹಜ. ಒಂದು ಸಣ್ಣ ಬಟ್ಟಲಿಗೆ ಸ್ವಲ್ಪ ತೆಗೆದು ಹಿಟ್ಟು ಕಲಸಿ ನೋಡಿದೆವು. ಬಿಗಿ ಆಯಿತು, ಸಂಶಯವಿಲ್ಲ, ಆದರೆ ರಸದ ಹೊಳಪು ಹೋಗಿ ಝುಣಕದ ಮಬ್ಬು ಬಂತು, ಬಾಯಲ್ಲಿ ಪುಟಾಣಿಯೇ ಮುಂದೆ ನಿಂತಿತು. ಹಿಟ್ಟಿನಿಂದ ಬರುವ ಗಟ್ಟಿತನ ಬೇರೆ, ನೀರು ಇಂಗಿ ಟೊಮ್ಯಾಟೊ, ಬೆಲ್ಲ, ಕೊಬ್ಬು ಒಂದಾಗಿ ಬರುವ ಗಟ್ಟಿತನ ಬೇರೆ. ಎರಡನೆಯದಕ್ಕೆ ಇನ್ನೂ ಹತ್ತು ನಿಮಿಷ ಒಲೆಯ ಮುಂದೆ ನಿಲ್ಲಬೇಕು, ಅಷ್ಟೇ.

ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಹೇಳಿಕೊಟ್ಟವರು ಮಾತ್ರ ಅತ್ತೆಯವರೇ. ನಾನು ಸೌಟಿನಿಂದ ಕಡಾಯಿಯ ತಳದ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದಾಗ ಎರಡೂ ಕಡೆಯಿಂದ ರಸ ಹರಿದು ಬಂದು ಗೆರೆ ಮುಚ್ಚಿಕೊಂಡಿತು. ಅವರು ಬಗ್ಗಿ ನೋಡಿ, "ಸಾಲು ಇನ್ನೂ ನಿಂತಿಲ್ಲ. ಮಳಿ ಬಿದ್ದ ಹೊಲದಾಗ ಕುಂಟಿ ಹೊಡದಂಗ ಆಗೇತಿ" ಎಂದರು. ಐದು ನಿಮಿಷದ ಮೇಲೆ ಮತ್ತೆ ಎಳೆದೆ. ಈ ಸಲ ಕಬ್ಬಿಣದ ಕಪ್ಪು ತಳ ಒಂದು ಬೆರಳಗಲ ಕಾಣಿಸಿ, ನಾನು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವವರೆಗೆ ಹಾಗೆಯೇ ಇದ್ದು, ಆಮೇಲೆ ಅಂಚುಗಳು ನಿಧಾನವಾಗಿ ಒಂದರ ಕಡೆಗೊಂದು ಜಾರಿದವು. "ಈಗ ಬಂತ ನೋಡು ಹದಾ." ಸಾಲು ಮುಚ್ಚದೇ ಹಾಗೆಯೇ ಉಳಿದರೆ ಹದ ಮೀರಿತೆಂದು ತಿಳಿದು ಎರಡು ಚಮಚ ಬಿಸಿನೀರು ಹಾಕಬೇಕು. ಒಲೆ ಆರಿಸಿದ ಮೇಲೆಯೂ ಅದು ಇನ್ನಷ್ಟು ಬಿಗಿಯಾಗುತ್ತದೆ, ಆದ್ದರಿಂದ ಒಂದು ಕೂದಲೆಳೆ ಮೊದಲೇ ಇಳಿಸುವುದು ಮೇಲು.

ಖೀಮಾ ಎಂಬ ಮಾತು ತುರ್ಕಿಯವರ ಕಿಯ್ಮಾದಿಂದ ಬಂದದ್ದು, ಕೊಚ್ಚಿದ್ದು ಎಂಬುದೇ ಅದರ ಅರ್ಥ. ಗ್ರೀಕರು ಕೂಡ ಅದನ್ನೇ ಕಿಮಾಸ್ ಎನ್ನುತ್ತಾರೆ. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಖೀಮಾ ಪಾವ್ ಎಷ್ಟೋ ಕಾಲದಿಂದ ಇದೆ. ಹಾಗಾದರೆ ಇದೂ ಅದೇ ಅಲ್ಲವೇ ಎಂದು ನನ್ನ ಗಂಡ, ಕೊನೆಗೂ ಪತ್ರಿಕೆ ಮಡಿಸಿ, ಕೇಳಿದರು. ಅಲ್ಲ. ಅಲ್ಲಿ ಪಾವ್ ಪಕ್ಕದಲ್ಲಿರುತ್ತದೆ, ಮುರಿದು ಅದ್ದಿಕೊಂಡು ತಿನ್ನುತ್ತಾರೆ, ರಸ ತೆಳ್ಳಗಿದ್ದರೂ ನಡೆಯುತ್ತದೆ. ಇಲ್ಲಿ ಖೀಮಾ ಪಾವ್‌ನ ಹೊಟ್ಟೆಯೊಳಗೆ ಕುಳಿತು, ಎರಡು ಕೈಯಿಂದ ಹಿಡಿದು ಕಚ್ಚುವವರೆಗೆ ಅಲ್ಲಿಯೇ ಇರಬೇಕು.

ಅದಕ್ಕಾಗಿಯೇ ಪಾವ್‌ನ ಒಳಮೈಯನ್ನು ಸರಿಯಾಗಿ ಕಾಯಿಸಬೇಕು. ಹಂಚು ಕಾದ ಮೇಲೆ ಬೆಳಗಾವಿಯ ಬಿಳಿ ಬೆಣ್ಣೆಯನ್ನು ಎರಡೂ ಹೋಳುಗಳ ಒಳಮೈಗೆ ದಪ್ಪಗೆ ಸವರಿ, ಬೋರಲು ಹಾಕಿ, ಮೇಲೆ ಸಣ್ಣ ಬೋಗುಣಿಯೊಂದನ್ನು ಭಾರಕ್ಕೆ ಇಟ್ಟೆ. ಎರಡು ನಿಮಿಷದಲ್ಲಿ ಹೊನ್ನಿನ ಬಣ್ಣದ ಗರಿಗರಿ ಪದರವೊಂದು ಕಟ್ಟುತ್ತದೆ. ಬೆಣ್ಣೆಯ ಜಿಡ್ಡು ಮತ್ತು ಆ ಪದರ ಸೇರಿ ರಸವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತವೆ, ಒಂದು ಪಾವ್ ತಿಂದು ಮುಗಿಸಲು ಅಷ್ಟು ಹೊತ್ತು ಸಾಕು. ಹೊರಮೈ ಕಾಯಿಸಬಾರದು, ಅದು ಮೆತ್ತಗೇ ಇದ್ದರೆ ತುಟಿಗೆ ಹಿತ. ಎಲ್ಲರಿಗೂ ಒಮ್ಮೆಗೇ ತುಂಬಿಡುವುದೂ ಸಲ್ಲದು, ಕುಳಿತ ಹಾಗೆ ಒಬ್ಬೊಬ್ಬರಿಗೆ ಕಾಯಿಸಿ ತುಂಬಿ ಕೊಡಬೇಕು, ಥೇಟ್ ಬಿಸಿ ರೊಟ್ಟಿ ಬಡಿಯುತ್ತ ಹಾಕಿದ ಹಾಗೆ. ಕುರಿಯ ಕೊಬ್ಬು ಬೇಗ ಹೆಪ್ಪುಗಟ್ಟಿ ಅಂಗುಳಿಗೆ ಅಂಟುವುದರಿಂದ ತಣ್ಣಗಾದ ಮೇಲೆ ಇದನ್ನು ತಿನ್ನುವುದರಲ್ಲಿ ಸುಖವಿಲ್ಲ.

ಪಕ್ಕಕ್ಕೆ ಗಜ್ಜರಿ ಪಚಡಿ, ಹಸಿ ಉಳ್ಳಾಗಡ್ಡಿ, ಲಿಂಬೆಹಣ್ಣು ಇದ್ದವು. ಹೊರಗೆ ಮಳೆ ಜೋರಾಗಿದ್ದರಿಂದ ಊಟದ ಕೋಣೆಯ ಕಿಟಕಿ ಮುಚ್ಚಿ, ನೆಲದ ಮೇಲೆ ಹಳೆಯ ಚಾದರ ಹಾಸಿ ಸುತ್ತ ಕುಳಿತರು. ಮಗ ಮೊದಲನೆಯದನ್ನು ಮಾತಿಲ್ಲದೆ ಮುಗಿಸಿದ, ಮಗಳು ಅಂಚಿನಿಂದ ಇಣುಕಿದ ರಸವನ್ನು ಮೊದಲು ನೆಕ್ಕಿ ಆಮೇಲೆ ಕಚ್ಚುವ ಕ್ರಮ ಕಂಡುಕೊಂಡಳು, ಮೈದುನನ ಅಂಗಿಯ ಮೇಲೆ ಒಂದೇ ಒಂದು ಹನಿ ಬಿತ್ತು. ನನ್ನ ಗಂಡ ಚಮಚ ಕೇಳಿದರು, ಯಾರೂ ಎದ್ದು ಕೊಡಲಿಲ್ಲ. ಅತ್ತೆಯವರು ತಮಗೆ ಪಾವ್ ಬೇಡವೆಂದು ಮೊದಲು ಖೀಮಾವನ್ನಷ್ಟೇ ಬಟ್ಟಲಲ್ಲಿ ಹಾಕಿಸಿಕೊಂಡು, ಬೆರಳ ತುದಿಯಿಂದ ರುಚಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಲಿಂಬೆಹಣ್ಣು ಹಿಂಡಿಕೊಂಡರು. ಸಿಹಿಗೆ ಅದು ಅವರ ಉತ್ತರ. ನಾನೂ ಹಿಂಡಿಕೊಂಡು ನೋಡಿದೆ, ಚೆನ್ನಾಗಿಯೇ ಇತ್ತು, ಹುಣಸೆಹುಳಿಯನ್ನು ಇನ್ನೂ ಅರ್ಧ ಚಮಚ ಹೆಚ್ಚು ಹಾಕಬೇಕಿತ್ತು ಎಂದು ಆಗ ಹೊಳೆಯಿತು.

ಮರುದಿನ ಸೋಮವಾರ, ಅತ್ತೆಯವರ ವಾರ, ಹಿಂದಿನ ದಿನದ ಮಾಂಸ ಫ್ರಿಜ್ಜಿನಲ್ಲಿಯೂ ಇರಬಾರದು. ಹನ್ನೆರಡು ಪಾವ್ ಮುಗಿದ ಮೇಲೂ ಕಡಾಯಿಯಲ್ಲಿ ನಾಲ್ಕು ಚಮಚದಷ್ಟು ಉಳಿದಿತ್ತು. ಮೈದುನ ಅದನ್ನು ಬೆಳಗಿನ ರೊಟ್ಟಿಯ ತುಂಡಿನ ಮೇಲೆ ಹಾಕಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಮುಗಿಸಿದ. ಕಡಾಯಿಯನ್ನು ನಾನು ಉಜ್ಜುತ್ತಿದ್ದಾಗ ಅತ್ತೆಯವರು ನೀರು ಕುಡಿಯಲು ಬಂದು, ಹೋಗುವಾಗ ಬಾಗಿಲಲ್ಲಿ ನಿಂತು, "ಗಣಪತಿ ಹೋದ ಮ್ಯಾಲೆ ಇನ್ನೊಮ್ಮೆ ಮಾಡೂಣು. ಆದ್ರ ಬೆಲ್ಲಾ ಅರ್ಧಾ ಹಾಕು" ಎಂದರು. ಕಾಲು ಭಾಗ ಕಡಿಮೆ ಮಾಡುತ್ತೇನೆಂದು ನಾನು ಒಪ್ಪಿಕೊಂಡಿದ್ದೇನೆ.